ಮುದ್ದೆ ಮುರಿಯುವ ರಬ್ಬರ್ ಬೆರಳು

ನನಗೆ ನಾಚಿಕೆ ಬೇಗ ಆಗುತ್ತದೆ. ಕೆಲವರಿಗೆ ಮೂಗಿನ ತುದಿಯಲ್ಲೇ ಕೋಪ ಇರುವ ಹಾಗೆ ನನಗೆ ಕಿವಿಯ ತುದಿಯಲ್ಲಿ ನಾಚಿಕೆ. ಹೋಟೆಲಿನಲ್ಲಿ ಜೊತೆಗಿದ್ದವರು ಸಪ್ಲೈಯರನ್ನು ಗದರಿದರೆ ನನ್ನ ಕಿವಿ ಬಿಸಿಯಾಗುತ್ತದೆ. ಮದುವೆ ಮನೆಯಲ್ಲಿ ಯಾರೋ ಕೂಗಿ ಕರೆದು ಮತ್ತೊಂದು ಹೋಳಿಗೆ ಹಾಕಿಸಿಕೊಂಡರೆ ತಲೆ ತಗ್ಗಿಸುವವನು ನಾನು. "ಊರಿನ ಮರ್ಯಾದೆನೆಲ್ಲಾ ನೀವೊಬ್ರೇ ಗುತ್ತಿಗೆ ಹಿಡ್ದಿದೀರ ನೋಡಿ" ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಆಡಿಕೊಂಡರೂ ಬಿಡುವ ಚಾಳಿಯಲ್ಲ.

ತಿಪಟೂರಿನಲ್ಲಿ ಮನೆ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಹುಡುಗರಿಗೆ ಪಾಠ ಹೇಳುವುದು ಹೊಟ್ಟೆಪಾಡು, ಮೆತ್ತನೆಯ ರೋಬೋಟುಗಳ ಸಿಮ್ಯುಲೇಷನ್ ಮಾಡುವುದು ನನ್ನ ಹುಚ್ಚು. ರೋಬೋಟ್ ಎಂದ ಕೂಡಲೇ ಜನರಿಗೆ ಕಬ್ಬಿಣದ ಆಳು ನೆನಪಾಗುತ್ತಾನೆ. ನನ್ನದು ಸಿಲಿಕೋನ್ ರಬ್ಬರಿನ ಬೆರಳು. ಒಳಗೆ ಸಾಲಾಗಿ ಪುಟ್ಟ ಗೂಡುಗಳಿರುತ್ತವೆ. ಗಾಳಿ ತುಂಬಿದರೆ ಗೂಡುಗಳು ಉಬ್ಬಿ ಬೆರಳು ಮಡಚಿಕೊಳ್ಳುತ್ತದೆ, ಗಾಳಿ ಹೀರಿದರೆ ನೆಟ್ಟಗಾಗುತ್ತದೆ. ಕೋಳಿಮೊಟ್ಟೆಯನ್ನು ಒಡೆಯದೆ ಎತ್ತಿಡಬಲ್ಲದು. ಅದನ್ನು ಅಚ್ಚಿಗೆ ಹೊಯ್ಯುವ ಮೊದಲು ಕಂಪ್ಯೂಟರಿನಲ್ಲಿ ಮಾಡಿ ನೋಡಬೇಕು. ಬೆರಳನ್ನು ಸಾವಿರಾರು ಚೂರುಗಳಾಗಿ ಭಾಗಿಸಿ, ಪ್ರತಿಯೊಂದು ಚೂರೂ ತನ್ನ ಪಕ್ಕದ ಚೂರನ್ನು ಎಷ್ಟು ಎಳೆಯುತ್ತದೆಂದು ಲೆಕ್ಕ ಹಾಕಿಸಬೇಕು. ಕಬ್ಬಿಣದ ತೊಲೆಯಾದರೆ ಈ ಲೆಕ್ಕ ಸಲೀಸು, ಅದು ಭಾರ ಹೊತ್ತರೂ ಕಣ್ಣಿಗೆ ಕಾಣುವಷ್ಟು ಬಾಗುವುದಿಲ್ಲ. ರಬ್ಬರು ಬಾಗಿದಂತೆಲ್ಲ ಆಕಾರ ಬದಲಾಗುತ್ತದೆ, ಆಕಾರ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಗಾಳಿ ತುಂಬುತ್ತ ಪ್ರತಿ ಸಲವೂ ಹೊಸದಾಗಿ ಲೆಕ್ಕ ಮಾಡಬೇಕು. ಆತುರಪಟ್ಟರೆ ಲೆಕ್ಕ ಕೈಕೊಡುತ್ತದೆ. ಪರದೆಯ ಮೇಲಿನ ಬೆರಳು ಮುಳ್ಳುಹಂದಿಯ ಹಾಗೆ ಎಲ್ಲ ದಿಕ್ಕಿಗೂ ಚುಚ್ಚಿಕೊಂಡು ನಿಂತುಬಿಡುತ್ತದೆ. ಮತ್ತೆ ಮೊದಲಿಂದ.

ಅಪ್ಪನಿಗೆ ಲಕ್ವ ಹೊಡೆದಾಗ ಅವನು ತುರುವೇಕೆರೆ ಕಡೆಯ ನಮ್ಮ ತೋಟದಲ್ಲಿದ್ದ. ಕಾಯಿ ಕೀಳಿಸುತ್ತಿದ್ದವನು ಹಾಗೇ ಬದುವಿನ ಮೇಲೆ ಕುಸಿದನಂತೆ. ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮಾತು ಮರಳಿತ್ತು, ಕಾಲು ಸ್ವಲ್ಪ ಎಳೆಯುತ್ತಿದ್ದರೂ ನಡೆಯುತ್ತಿದ್ದ. ಬಲಗೈ ಮಾತ್ರ ಮರಳಲಿಲ್ಲ. ಅಟ್ಟದ ಮೇಲಿನ ಕಾಯಿ ತೆಗೆದು ಕಿವಿಯ ಹತ್ತಿರ ಒಂದು ಸಲ ಅಲ್ಲಾಡಿಸಿ, ಒಳಗೆ ಕೊಬ್ಬರಿ ಒಣಗಿದೆಯೋ ಇನ್ನೂ ಹಸಿಯೋ ಎಂದು ಹೇಳುತ್ತಿದ್ದ ಕೈ ಅದು. ಈಗ ಬೆರಳುಗಳು ಅರ್ಧ ಮಡಚಿಕೊಂಡು ತೊಡೆಯ ಮೇಲೆ ಬಿದ್ದಿರುತ್ತಿದ್ದವು. ಅವ್ವ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ತೋಟ ತಮ್ಮ ನೋಡಿಕೊಂಡ, ಡಾಕ್ಟರು ಹತ್ತಿರವಿರಲಿ ಎಂದು ಅಪ್ಪನನ್ನು ನಾನು ಕರೆತಂದೆ.

ಬಂದ ಹೊಸದರಲ್ಲಿ ಅಪ್ಪ ಹಾಲಿನಲ್ಲೇ ಕೂತು, ಟಿವಿ ನೋಡುತ್ತ, ಎಡಗೈಯಲ್ಲಿ ಮುದ್ದೆ ಮುರಿದು ತಿನ್ನುತ್ತಿದ್ದ. ಅವನಿಗೇನೂ ಅನ್ನಿಸಿದಂತೆ ಕಾಣಲಿಲ್ಲ. ಅನ್ನಿಸಿದ್ದು ನನಗೆ. ಎಡಗೈ ಯಾವುದಕ್ಕೆ ಎನ್ನುವುದು ನಮ್ಮ ಕಡೆ ಕೂಸಿಗೂ ಗೊತ್ತು. ಚಿಕ್ಕವನಿದ್ದಾಗ ನನ್ನ ಎಡಗೈ ತಟ್ಟೆಯ ಅಂಚಿಗೆ ಬಂದರೆ ಇದೇ ಅಪ್ಪ ಕಣ್ಣಲ್ಲೇ ಗದರುತ್ತಿದ್ದ. ಒಂದು ಮಧ್ಯಾಹ್ನ ಕಾಲೇಜಿನ ಸಹೋದ್ಯೋಗಿಯೊಬ್ಬರು ಮನೆಗೆ ಬಂದಾಗ ಅಪ್ಪ ಊಟ ಮಾಡುತ್ತಿದ್ದ. ಅವರು ಮರ್ಯಾದಸ್ಥರು, ನೋಡಿಯೂ ನೋಡದವರಂತೆ ಕ್ಯಾಲೆಂಡರಿನ ಕಡೆ ತಿರುಗಿದರು. ಆ ತಿರುಗಿದ್ದು ನನ್ನ ಕಿವಿಗೆ ಬೆಂಕಿ ಇಟ್ಟಿತು. ಮಾರನೇ ದಿನ ಅಪ್ಪನ ತಟ್ಟೆ, ಟೀಪಾಯಿ ಎರಡನ್ನೂ ಒಳಗಿನ ಕೋಣೆಗೆ ಒಯ್ದಿಟ್ಟೆ. "ಇಲ್ಲಿ ಫ್ಯಾನು ಚೆನ್ನಾಗೈತಪ್ಪ" ಅಂದೆ. ಅಪ್ಪ ಫ್ಯಾನಿನ ಕಡೆ ಒಮ್ಮೆ ನೋಡಿ, "ಸರಿ ಬುಡು" ಅಂದ.

ಅಲ್ಲಿಂದ ಮುಂದೆ ಅಪ್ಪ ಕೋಣೆಯಲ್ಲೇ ಉಂಡ. ಕೇಳಿದವರಿಗೆಲ್ಲ ನಾನು, "ಎಡಗೈಲಿ ತಿನ್ನೋಕೆ ಅಪ್ಪನಿಗೆ ಸಂಕೋಚ, ಯಾರ ಎದುರಿಗೂ ಊಟ ಮಾಡಲ್ಲ" ಎಂದು ಹೇಳುತ್ತಿದ್ದೆ. ಹೇಳಿ ಹೇಳಿ ನನಗೇ ಅದು ನಿಜವಾಗಿಬಿಟ್ಟಿತು. ಮೂರು ತಾಲೂಕಿನಲ್ಲಿ ಯಾರ ಮನೆಯ ಕಾರ್ಯವಾದರೂ ಮೊದಲ ಪಂಕ್ತಿಯಲ್ಲಿ ಕೂರುತ್ತಿದ್ದ ಮನುಷ್ಯ ಈಗ ಎಲ್ಲಿಗೆ ಕರೆದರೂ, "ಬರಲ್ಲ ಕಣಪ್ಪ, ನೀವು ಹೋಗ್ಬನ್ನಿ" ಅನ್ನತೊಡಗಿದ.

ಹೀಗಿರುವಾಗ ಅಪ್ಪನ ಅಕ್ಕ ಹಂದನಕೆರೆಯಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶದ ಒಕ್ಕಲಿಗೆ ಕರೆಯಲು ಬಂದಳು. ಅತ್ತೆಯ ಬಾಯಿ ಎಂದರೆ ಊರಿಗೇ ಭಯ. ಅಪ್ಪನ ಎದುರು ಕೂತು, "ನೀ ಬರ್ದೆ ಇದ್ರೆ ನಾನು ಹಾಲು ಉಕ್ಸಕ್ಕಿಲ್ಲ. ಮನೆ ಹಂಗೇ ಬಿದ್ದಿರ್ಲಿ" ಅಂದಳು. ಅಪ್ಪ ನಕ್ಕ. ಆಸ್ಪತ್ರೆಯಿಂದ ಬಂದಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಅವಳು ಹೋದಮೇಲೆ ನನ್ನ ಕಡೆ ತಿರುಗಿ, "ಹೋಗಿ, ಊಟದ ಹೊತ್ಗೆ ಮುಂಚೆ ಎದ್ದು ಬಂದ್ಬುಡಾನೇನ್ಲಾ?" ಎಂದು ಕೇಳಿದ. ಅಕ್ಕನ ಮನೆಯ ಒಕ್ಕಲಿನಲ್ಲಿ ಉಣ್ಣದೆ ಬರುವ ಮಾತು. ನನಗೆ ಸಂಕಟವಾಯಿತು. ಆಗಲೇ ನಿರ್ಧರಿಸಿದೆ, ಅಪ್ಪ ಆ ಪಂಕ್ತಿಯಲ್ಲಿ ಕೂರಬೇಕು, ಬಲಗೈಯಲ್ಲೇ ಉಣ್ಣಬೇಕು. ಇಷ್ಟು ವರ್ಷ ರಬ್ಬರ್ ಬೆರಳು ಮಡಚಿಸಿದ ನಾನು ಅಷ್ಟೂ ಮಾಡದಿದ್ದರೆ ಏನು ಬಂತು?

ಕೈಗವಸಿನ ನಕ್ಷೆ ಸುಲಭವಾಗಿ ಹೊಳೆಯಿತು. ಬೆರಳುಗಳ ಬೆನ್ನ ಮೇಲೆ ರಬ್ಬರಿನ ಗೂಡುಸಾಲು, ಬಟ್ಟೆಯ ಪಟ್ಟಿಗಳಿಂದ ಬಿಗಿತ. ಬೆರಳ ತುದಿ ಬರಿದಾಗಿಯೇ ಇರಬೇಕು, ಯಾಕೆಂದರೆ ಮುದ್ದೆ ಮುಟ್ಟುವುದು ಅಪ್ಪನ ಬೆರಳೇ ಆಗಬೇಕು. ಮೀನಿನ ತೊಟ್ಟಿಗೆ ಹಾಕುವಂಥ ಪುಟ್ಟ ಪಂಪು ಟಿಫಿನ್ ಡಬ್ಬಿಯಷ್ಟು ಪೆಟ್ಟಿಗೆಯಲ್ಲಿ ತೊಡೆಯ ಮೇಲೆ ಇರುತ್ತದೆ. ಎಡಗೈಯಲ್ಲಿ ಒಂದು ಗುಂಡಿ ಒತ್ತಿದರೆ ಬೆರಳು ಮಡಚುತ್ತದೆ, ಇನ್ನೊಂದು ಒತ್ತಿದರೆ ಬಿಚ್ಚುತ್ತದೆ.

ಕಷ್ಟ ಕೊಟ್ಟಿದ್ದು ಮುದ್ದೆ. ಮೊಟ್ಟೆ ಎತ್ತುವ ಸಿಮ್ಯುಲೇಷನ್ ಎಷ್ಟೋ ಜನ ಮಾಡಿದ್ದಾರೆ, ಮುದ್ದೆಯನ್ನು ಯಾರು ಮಾಡಿದ್ದಾರೆ? ಅದು ಅಂಟುತ್ತದೆ, ಒತ್ತಿದರೆ ತಗ್ಗುತ್ತದೆ, ಎಳೆದರೆ ಹರಿಯುತ್ತದೆ. ಹೆಂಡತಿ ಮುದ್ದೆ ಕಟ್ಟಿಟ್ಟರೆ ನಾನು ಅದನ್ನು ಅಡುಗೆಮನೆಯ ತೂಕದ ಯಂತ್ರದ ಮೇಲಿಟ್ಟು, ಸ್ಟೀಲ್ ಲೋಟದಿಂದ ಒತ್ತಿ, ಎಷ್ಟು ಒತ್ತಿದರೆ ಎಷ್ಟು ತಗ್ಗಿತು ಎಂದು ಬರೆದುಕೊಳ್ಳುತ್ತಿದ್ದೆ. ಬಿಸಿಯದ್ದು ಒಂದು ಸಲ, ಆರಿದ್ದು ಒಂದು ಸಲ. "ಮುದ್ದೆ ತಿನ್ನೋರನ್ನ ನೋಡಿದೀನಿ, ಮುದ್ದೆಗೆ ಬಿಪಿ ನೋಡೋರನ್ನ ಈಗ್ಲೇ ನೋಡ್ತಿರೋದು" ಅಂದಳು. ಒಂದು ದಿನ ಅವಳೇ, ತಮಾಷೆ ಬಿಟ್ಟು, "ರೀ, ಮಾವ ಹಾಲ್‌ನಲ್ಲೇ ಊಟ ಮಾಡ್ತಿದ್ರು. ಒಳಗೆ ಕರ್ಕೊಂಡೋಗಿದ್ದು ನೀವು" ಅಂದಳು. ನಾನು ಲೋಟ ಒತ್ತುತ್ತಿದ್ದೆ. ಎಷ್ಟು ತಗ್ಗಿತೆಂದು ಬರೆದುಕೊಂಡು ಮತ್ತೆ ಒತ್ತಿದೆ.

ಇನ್ನು ಕೈಯ ಅಳತೆ ಬೇಕಿತ್ತು. ಬೆರಳಿನ ಉದ್ದ, ಗೆಣ್ಣಿನ ಸುತ್ತಳತೆ, ಒಂದೊಂದು ಗೆಣ್ಣು ಮಡಚಲು ಎಷ್ಟು ಬಲ ಬೇಕು. ಅದಕ್ಕೆ ಅಪ್ಪನ ಕೈ ಹಿಡಿಯಬೇಕು.

ನಾನು ಹಿಡಿಯಲಿಲ್ಲ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮ ಮನೆಗಳಲ್ಲಿ ಮೀಸೆ ಬಂದ ಮಗ ಅಪ್ಪನ ಕಾಲು ಮುಟ್ಟುತ್ತಾನೆ, ಕೈ ಮುಟ್ಟುವುದಿಲ್ಲ. ಪ್ರತಿ ಯುಗಾದಿಗೂ ನಾನು ಅಪ್ಪನ ಕಾಲಿಗೆ ಬಿದ್ದಿದ್ದೇನೆ. ಆ ಹಿಮ್ಮಡಿಯ ಬಿರುಕುಗಳು ನನಗೆ ಗೊತ್ತು. ಕೈ ಹೇಗಿದೆ ಎಂದು ಕೇಳಿದರೆ ದೂರದಿಂದ ನೋಡಿದ್ದನ್ನೇ ಹೇಳಬೇಕು. ಟೇಪು ಹಿಡಿದು ಕೋಣೆಯ ಬಾಗಿಲವರೆಗೆ ಹೋದೆ. ಅಪ್ಪ, "ಏನ್ಲಾ?" ಅಂದ. "ಏನಿಲ್ಲ, ಕಿಟಕಿ ಪರದೆಗೆ" ಎಂದು ಕಿಟಕಿ ಅಳೆದುಕೊಂಡು ವಾಪಸ್ಸು ಬಂದೆ.

ಆಮೇಲೆ ಮೇಜಿನ ಮುಂದೆ ಕೂತು ನನ್ನ ಬಲಗೈಯನ್ನೇ ಅಳೆದೆ. ಅಪ್ಪನ ಕೈಯೇ ಮಗನಿಗೂ ಬಂದಿದೆ ಎಂದು ನೆಂಟರೆಲ್ಲ ಹೇಳುತ್ತಿದ್ದರಲ್ಲ, ಅದೇ ಸಾಕೆಂದುಕೊಂಡೆ. ಇನ್ನು ಗೆಣ್ಣಿನ ಬಲ. ಎಲ್ಲರೂ "ಕೈಯಲ್ಲಿ ಶಕ್ತಿ ಹೋಗೈತೆ" ಅನ್ನುತ್ತಿದ್ದರು. ಶಕ್ತಿಯಿಲ್ಲದ ಕೈ ಎಂದರೆ ಸಡಿಲವಾದ ಕೈ ತಾನೇ? ಕಂಪ್ಯೂಟರಿಗೆ ಹಾಗೇ ಹೇಳಿದೆ: ಬೆರಳುಗಳಿಗೆ ಸ್ವಂತ ಬಲವಿಲ್ಲ, ತಳ್ಳಿದ ಕಡೆ ಹೋಗುತ್ತವೆ. ಕಂಪ್ಯೂಟರು ನಾವು ಹೇಳಿದ್ದನ್ನು ನಂಬುವ ಸಾಧು ಪ್ರಾಣಿ. ಪರದೆಯ ಮೇಲೆ ನೀಲಿ ಹಸಿರು ಬಣ್ಣದ ಬೆರಳುಗಳು ಮುದ್ದೆಯ ಮೇಲೆ ಇಳಿದು, ಒಂದು ತುತ್ತು ಹಿಂಡಿ ತೆಗೆದು, ಮೇಲೆತ್ತಿದವು. ಆ ವಿಡಿಯೋವನ್ನು ಎಷ್ಟು ಸಲ ನೋಡಿದೆನೋ. ಸ್ಟಾಫ್ ರೂಮಿನಲ್ಲಿ ತೋರಿಸಿದೆ, ತಮ್ಮನಿಗೆ ಕಳಿಸಿದೆ. ಅವನು ಅದನ್ನು ನೆಂಟರ ಗುಂಪಿಗೆಲ್ಲ ಹಂಚಿದ.

ಅಚ್ಚು ಹೊಯ್ದು, ಪಟ್ಟಿಗಳನ್ನು ಪೇಟೆಯ ಟೈಲರ್ ಹತ್ತಿರ ಹೊಲಿಸಿ, ಕೈಗವಸನ್ನು ಅಪ್ಪನ ಮುಂದಿಟ್ಟಾಗ ಬೆಳಗಿನ ಹೊತ್ತು. ಫಿಸಿಯೋಥೆರಪಿಯ ಹೆಣ್ಣುಮಗಳು ಆಗತಾನೇ ಅವನ ಕೈಯನ್ನು ಚೆನ್ನಾಗಿ ನೀವಿ ಹೋಗಿದ್ದಳು. ತೊಡಿಸಿದ್ದು ನನ್ನ ಹೆಂಡತಿ. ಗುಂಡಿ ಒತ್ತಿದರೆ ಬೆರಳು ಮಡಚಿತು, ಇನ್ನೊಂದು ಒತ್ತಿದರೆ ನಿಧಾನವಾಗಿ ಬಿಚ್ಚಿತು. ಅಪ್ಪ ತನ್ನ ಬೆರಳುಗಳನ್ನೇ ನೋಡುತ್ತ ಕೂತ. "ಮುದ್ದೆ ಇಟ್ಟು ನೋಡೋಣ್ವ ಮಾವ?" ಎಂದು ಅವಳು ಕೇಳಿದಳು. ಅಪ್ಪ ನನ್ನ ಕಡೆ ನೋಡಿದ. ಅವನು ಉಣ್ಣುವುದನ್ನು ಎದುರು ನಿಂತು ನೋಡುವುದು ಹೇಗೆ ಎಂದು ನನಗೆ ಮುಜುಗರವಾಗಿ, "ಬೇಡ ಬುಡು, ಕಂಪ್ಯೂಟರ್‌ನಲ್ಲಿ ನೋಡಿದೀನಿ" ಅಂದೆ. ಅಪ್ಪ, "ಚೆನ್ನಾಗೈತೆ ಕಣಪ್ಪ" ಅಂದ.

ಒಕ್ಕಲಿನ ದಿನ ಕಾರಿನಲ್ಲಿ ಹೋದೆವು. ಅಪ್ಪ ಬಿಳಿ ಅಂಗಿ ತೊಟ್ಟು ಬಿಳಿ ಪಂಚೆ ಉಟ್ಟಿದ್ದ. ದಾರಿಯುದ್ದಕ್ಕೂ ಯಾರ ತೋಟಕ್ಕೆ ನುಸಿ ಬಿದ್ದಿದೆ, ಯಾರು ರಾಗಿ ಬಿತ್ತಿದ್ದಾರೆ ಎಂದು ಹೇಳುತ್ತಲೇ ಬಂದ. ಹಂದನಕೆರೆಯಲ್ಲಿ ಜನ ಮುತ್ತಿಕೊಂಡರು. ಒಬ್ಬೊಬ್ಬರೂ ಬಂದು, "ಈಗೆಂಗೈತೆ ಕೈಯಿ?" ಎಂದು ಕೇಳುವವರೇ. ವಿಡಿಯೋ ಎಲ್ಲರೂ ನೋಡಿದ್ದರು. ನನಗೆ ಒಳಗೊಳಗೇ ಹೆಮ್ಮೆ. ಬಲಗೈಯ ಬೆರಳುಗಳು ಅಂಗೈಯೊಳಕ್ಕೆ ಇನ್ನಷ್ಟು ಸೇದಿಕೊಂಡಿದ್ದನ್ನು ನಾನು ಗಮನಿಸಲಿಲ್ಲ.

ಶಾಮಿಯಾನದ ಕೆಳಗೆ ಉದ್ದಕ್ಕೂ ಟೇಬಲ್ಲು, ಬಾಳೆ ಎಲೆ. ಮೊದಲ ಪಂಕ್ತಿಯ ತುದಿಯಲ್ಲಿ ಹಿರಿಯನೆಂದು ಅಪ್ಪನನ್ನು ಕೂರಿಸಿದರು. ಅವನ ಎಡಗಡೆ ನಾನು. ಹೆಂಡತಿ ಬಡಿಸುವ ಹೆಂಗಸರ ಜೊತೆ ಸೇರಿದ್ದಳು, ಹಾಗಾಗಿ ಕೈಗವಸನ್ನು ನಾನೇ ತೊಡಿಸಬೇಕಾಯಿತು.

ಆಗ ಮೊದಲ ಸಲ ನಾನು ಅಪ್ಪನ ಬಲಗೈ ಹಿಡಿದದ್ದು. ಹೆಬ್ಬೆರಳನ್ನು ಬಿಡಿಸಲು ಹೋದರೆ ಅದು ಬಿಡಲಿಲ್ಲ. ಸಡಿಲವಾದ ಕೈಯಲ್ಲ ಅದು. ನನ್ನೆರಡು ಕೈಗೂ ಬಗ್ಗದ ಬಲದಲ್ಲಿ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಆಯಾಸವಾದರೆ, ಜನ ಕಂಡು ಎದೆ ಹೊಡೆದುಕೊಂಡರೆ ಆ ಕೈ ಹೀಗೆ ಬಿಗಿಯುತ್ತದೆ ಎಂದು ಫಿಸಿಯೋಥೆರಪಿಯವಳು ಆಮೇಲೆ ಹೇಳಿದಳು. ಕೇಳಿದ್ದರೆ ಮೊದಲೇ ಹೇಳುತ್ತಿದ್ದಳು. ಒಂದೇ ಒಂದು ಸಲ ಆ ಬೆರಳು ಹಿಡಿದು ನೋಡಿದ್ದರೆ ನನಗೇ ತಿಳಿಯುತ್ತಿತ್ತು. ನನ್ನ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ, ಆದರೆ ಅದು ಅಪ್ಪನ ಕೈಯ ಲೆಕ್ಕವಾಗಿರಲಿಲ್ಲ.

ಹೇಗೋ ತುರುಕಿ ಪಟ್ಟಿ ಬಿಗಿದೆ. ಎಲೆಗೆ ಕೋಸಂಬರಿ, ಪಲ್ಯ, ಬಿಸಿ ಮುದ್ದೆ, ಅವರೆಕಾಳು ಸಾರು ಬಂತು. ಅಪ್ಪ ಗುಂಡಿ ಒತ್ತಿದ. ಪಂಪು ಗುರ್ ಎಂದಿತು. ಬೆರಳು ಬಿಚ್ಚಲಿಲ್ಲ. ಮತ್ತೆ ಒತ್ತಿದ. ರಬ್ಬರು ಕಂಪಿಸಿತು, ಬೆರಳ ತುದಿ ಒಂದು ಕೂದಲಿನಷ್ಟು ಅಲುಗಿ ಮತ್ತೆ ಒಳಗೆ ಹೋಯಿತು. ಮುಷ್ಟಿ ಮುಷ್ಟಿಯಾಗಿಯೇ ಮುದ್ದೆಯ ಮೇಲೆ ಕೂತಿತು. ಎತ್ತಿದರೆ ಮುದ್ದೆಯೆಲ್ಲ ಅದಕ್ಕೆ ಅಂಟಿಕೊಂಡು ಮೇಲೆ ಬಂದು, ಅರ್ಧದಲ್ಲಿ ಕಳಚಿ ಸಾರಿಗೆ ಬಿತ್ತು. ಬಿಳಿ ಅಂಗಿಯ ಮೇಲೆಲ್ಲ ಸಾರು ಸಿಡಿಯಿತು.

ಸುತ್ತ ನಿಂತವರ ಕೈಯಲ್ಲಿ ಮೊಬೈಲುಗಳಿದ್ದವು. ನನ್ನ ಕಿವಿ ಉರಿಯುತ್ತಿತ್ತು. ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ನೆಲ ಬಿರಿಯಬಾರದೇ ಅನ್ನಿಸುತ್ತದೆ. ಎಡಗೈಯಿಂದ ಜೇಬಿನ ಮೊಬೈಲು ತೆಗೆದು, "ಇಲ್ಲಿ ನೋಡಿ, ಸಿಮ್ಯುಲೇಷನ್‌ನಲ್ಲಿ ಸರಿಯಾಗಿ ಬರ್ತಿದೆ, ಗಾಳಿಯ ಒತ್ತಡ ಸ್ವಲ್ಪ ಕಮ್ಮಿಯಾಗಿದೆ ಅಷ್ಟೆ" ಎಂದು ಎದುರು ಸಾಲಿನವರಿಗೆ ವಿಡಿಯೋ ತೋರಿಸತೊಡಗಿದೆ. ಅವರಲ್ಲೊಬ್ಬ ನೆಂಟ, "ಮೊಬೈಲ್‌ನಾಗೆ ಹೊಟ್ಟೆ ತುಂಬ್ತಲ್ಲ, ಬುಡು" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಪಕ್ಕದಲ್ಲಿ ಅಪ್ಪ ಇನ್ನೂ ಗುಂಡಿ ಒತ್ತುತ್ತಿದ್ದ. ನಾನು ವಿಡಿಯೋ ತೋರಿಸುತ್ತಿದ್ದಷ್ಟು ಹೊತ್ತೂ ಒತ್ತುತ್ತಲೇ ಇದ್ದ.

ಕೊನೆಗೆ ಅಪ್ಪ ಗುಂಡಿ ಬಿಟ್ಟ. ಎಡಗೈಯಿಂದ ಪಟ್ಟಿಗಳನ್ನು ಒಂದೊಂದಾಗಿ ಕಿತ್ತು ಕೈಗವಸು ಬಿಚ್ಚಿ, ನೀರಿನ ಬಾಟಲಿಯ ಪಕ್ಕ ಇಟ್ಟ. ಲೋಟದ ನೀರಿಗೆ ಎಡಗೈ ಬೆರಳು ಅದ್ದಿ, ಆ ಕೈಯನ್ನು ಎಲೆಯ ಕಡೆ ತಂದ.

ನಾನು ಅವನ ಮಣಿಕಟ್ಟು ಹಿಡಿದೆ.

ಯೋಚಿಸಿ ಹಿಡಿದದ್ದಲ್ಲ. ನನ್ನ ಬಲಗೈ ತಾನಾಗಿ ಹೋಯಿತು. ಎಲ್ಲರೆದುರಿಗೆ, ಅಷ್ಟು ಜನರ ಕಣ್ಣೆದುರಿಗೆ, ನನ್ನ ಎಂಜಲು ಕೈ ಅಪ್ಪನ ಎಡಗೈಯನ್ನು ಎಲೆಯ ಅಂಚಿನಲ್ಲಿ ಬಿಗಿಯಾಗಿ ತಡೆದು ನಿಂತಿತು. ಪಲ್ಯದ ಬಕೆಟ್ ಹಿಡಿದಿದ್ದವನು ಹಾಗೇ ನಿಂತ. ಅಪ್ಪ ನನ್ನ ಕೈಯನ್ನು ನೋಡಿದ, ಆಮೇಲೆ ನನ್ನ ಮುಖವನ್ನು ನೋಡಿದ. ಸಿಟ್ಟಿರಲಿಲ್ಲ ಆ ಕಣ್ಣಲ್ಲಿ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಬುಡ್ಲಾ" ಅಂದ. "ಹಸಿವಾಗೈತೆ."

ಬಿಟ್ಟೆ. ಅವನ ಮಣಿಕಟ್ಟಿನ ಮೇಲೆ ನನ್ನ ಬೆರಳುಗಳ ಸಾರಿನ ಗುರುತು ಉಳಿದಿತ್ತು. ಅಪ್ಪ ಅದನ್ನು ಒರೆಸಲಿಲ್ಲ. ಮುದ್ದೆ ಮುರಿದ, ಬೆರಳಲ್ಲಿ ಉರುಳಿಸಿದ, ಸಾರಿಗೆ ಅದ್ದಿ ಬಾಯಿಗೆ ಹಾಕಿಕೊಂಡು ನುಂಗಿದ. ಸಾಲಿನವರು ಒಮ್ಮೆ ನೋಡಿದರು, ಆಮೇಲೆ ತಮ್ಮ ತಮ್ಮ ಎಲೆಗೆ ತಿರುಗಿದರು. ಪಲ್ಯದವನು ಮುಂದೆ ಹೋದ. ಅಷ್ಟೇ ಆದದ್ದು. ಆಕಾಶ ಕಳಚಿ ಬೀಳಲಿಲ್ಲ. ನಾಚಿಕೆ ಅಪ್ಪನದು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆನಲ್ಲ, ಆ ಸಾಲಿನಲ್ಲಿ ನಾಚಿಕೆಪಡುತ್ತಿದ್ದವನು ನಾನೊಬ್ಬನೇ ಎಂದು ಅಲ್ಲಿ ಕೂತ ಯಾರು ಬೇಕಾದರೂ ಹೇಳಬಹುದಾಗಿತ್ತು.

ಎದ್ದು ಹೋಗಿಬಿಡಬೇಕು ಅನ್ನಿಸಿತು. ಆಗುವುದಿಲ್ಲ. ಪಂಕ್ತಿಯಲ್ಲಿ ಕೂತ ಹಿರಿಯರು ಉಂಡು ಮುಗಿಸುವವರೆಗೆ ಉಳಿದವರು ಎಲೆ ಬಿಟ್ಟು ಏಳುವಂತಿಲ್ಲ, ನಮ್ಮ ಕಡೆ ಅದು ಇನ್ನೂ ನಡೆಯುತ್ತದೆ. ಹಿರಿಯನೆಂದರೆ ಆ ಸಾಲಿಗೆ ಅಪ್ಪ. ಎಡಗೈಯ ಊಟ ನಿಧಾನ. ಒಬ್ಬೊಬ್ಬರದೇ ಮುಗಿಯಿತು. ಬೆರಳು ನೆಕ್ಕಿದರು, ನೀರು ಕುಡಿದರು, ಕೈ ಒಣಗಿಸಿಕೊಳ್ಳುತ್ತ ಕೂತರು. ಯಾರೂ ಅವಸರ ಮಾಡಲಿಲ್ಲ. ಅಪ್ಪನೂ ಮಾಡಲಿಲ್ಲ. ಮುದ್ದೆ ಮುಗಿಸಿ ಅನ್ನ ಹಾಕಿಸಿಕೊಂಡ. ಸೊರ್ ಎಂದು ಪಾಯಸ ಸುರಿದ. ಮಜ್ಜಿಗೆಗೆ ಇನ್ನೊಂದಿಷ್ಟು ಅನ್ನ ಕೇಳಿದ, ಕೂಗಿ ಕರೆದು ಕೇಳಿದ. ಎಷ್ಟು ದಿನದಿಂದ ಜನರ ನಡುವೆ ಕೂತು ಉಂಡಿರಲಿಲ್ಲವೋ ಅಷ್ಟೂ ದಿನದ ಊಟವನ್ನು ಅವನು ಉಂಡ. ನಾನು ನನ್ನ ಎಲೆಯ ಮೇಲಿನ ಉಪ್ಪನ್ನು ನೋಡುತ್ತಿದ್ದೆ.

ಅತ್ತೆ ಪಾಯಸದ ಪಾತ್ರೆ ಹಿಡಿದು ಸಾಲಿನ ಕೊನೆಯಿಂದ ಬಂದಳು. ಅಪ್ಪನ ಎಲೆಗೆ ಮತ್ತೊಂದು ಸೌಟು ಬಡಿಸಿ, ಅವನು ಉಣ್ಣುವುದನ್ನು ಒಂದು ಗಳಿಗೆ ನಿಂತು ನೋಡಿದಳು. ಆಮೇಲೆ ನನ್ನ ಎಲೆಯ ಕಡೆ ತಿರುಗಿದಳು. ಒಂದು ತುತ್ತು ಮುರಿದ ಮುದ್ದೆ ಹಾಗೇ ಇತ್ತು, ಸಾರು ಆರಿ ಕೆನೆಗಟ್ಟಿತ್ತು.

"ಅವ್ನು ಉಣ್ತಾವ್ನೆ" ಅಂದಳು. "ನಿನ್ ಕೈಗೇನಾಗೈತ್ಲಾ?"

ಪಂಕ್ತಿಯವರೆಲ್ಲ ನನ್ನ ಬಲಗೈಯ ಕಡೆ ತಿರುಗಿ ನೋಡಿದರು. ಅಪ್ಪನೂ ನೋಡಿದ.